ಮನೆ ಕಟ್ಟುವ ಕೆಲಸದವರ ಅಪಘಾತ ಪಾಲಿಸಿ: ತಗೊಳ್ಳಿ, ಆದರೆ ಎರಡು ಸಾಲು ಬರೆಸಿಕೊಂಡು ತಗೊಳ್ಳಿ

ಮೊದಲು ಮಾರ್ಕ್ಸ್ ಹೇಳಿಬಿಡ್ತೀನಿ, ಕಾರಣ ಆಮೇಲೆ. ಪಾಲಿಸಿಗೆ ಐದಕ್ಕೆ ನಾಲ್ಕು. ಅದನ್ನು ಕೊಟ್ಟ ಶಾಖೆಗೆ ಎರಡೂವರೆ. ಏಜೆಂಟರಿಗೆ ಮೂರು ಕೊಡಬಹುದಿತ್ತು, ದುಡ್ಡು ಕಟ್ಟಿಸಿಕೊಂಡ ಮೇಲೂ ಫೋನ್ ಎತ್ತುವ ಅಭ್ಯಾಸ ಅವರಿಗೆ ಇದ್ದಿದ್ದರೆ.

ಇದು ಎಂಪ್ಲಾಯೀಸ್ ಕಾಂಪೆನ್ಸೇಷನ್ ಪಾಲಿಸಿ. ವಿಮಾ ಆಫೀಸಿನಲ್ಲಿ ಹಳಬರು ಇನ್ನೂ ಡಬ್ಲ್ಯೂಸಿ (ವರ್ಕ್‌ಮೆನ್ಸ್ ಕಾಂಪೆನ್ಸೇಷನ್) ಅಂತಲೇ ಅಂತಾರೆ. ನಮ್ಮ ಕೆಲಸಕ್ಕೆ ಬಂದವರಿಗೆ ಆ ಕೆಲಸದಲ್ಲೇ ಪೆಟ್ಟಾದರೆ, ಕಾಯಿದೆ ಪ್ರಕಾರ ನಾವು ಕೊಡಬೇಕಾದ ಪರಿಹಾರವನ್ನು ಕಂಪನಿ ಕೊಡುತ್ತದೆ. ಫ್ಯಾಕ್ಟರಿಯವರು, ದೊಡ್ಡ ಗುತ್ತೇದಾರರು ಮಾತ್ರ ತಗೊಳ್ಳುವ ಪಾಲಿಸಿ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಮನೆ ಮಾಲೀಕರಿಗೂ ಕೊಡುತ್ತಾರೆ. ನಾವೇ ಕೇಳಬೇಕು, ಅವರಾಗಿ ಹೇಳೋದಿಲ್ಲ.

ನಾನು ತಗೊಂಡಿದ್ದು ಕಲಬುರಗಿಯಲ್ಲೇ, ಸರ್ಕಾರಿ ವಿಮಾ ಕಂಪನಿಯೊಂದರ ಶಾಖೆಯಲ್ಲಿ. ಯಾವ ಕಂಪನಿ ಅಂತ ಬರೆಯೋದಿಲ್ಲ. ಈ ಪಾಲಿಸಿಯ ಷರತ್ತುಗಳು ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ, ಶಾಖೆಯ ಕಥೆಯೂ ಹೆಚ್ಚುಕಮ್ಮಿ ಒಂದೇ ಇರಬೇಕು.

ಸೇಡಂ ರಸ್ತೆಯ ಕಡೆ ನಮ್ಮ ಮನೆ. ಕಳೆದ ಬೇಸಿಗೆಯಲ್ಲಿ ಮೇಲೆ ಎರಡು ಕೋಣೆ ಕಟ್ಟಿಸಿದೆವು. ಕೆಳಗೂ ಮೇಲೂ ಶಹಾಬಾದ್ ಫರಸಿ ಹಾಸಬೇಕು ಅಂತ ಮನೆಯಲ್ಲಿ ಎಲ್ಲರ ಹಟ. ಟೈಲ್ಸ್ ಬೇಡ, ನಮ್ಮ ಬಿಸಿಲಿಗೆ ಕಲ್ಲೇ ತಂಪು ಅಂತ. ಸರಿ. ಆದರೆ ಎರಡಡಿ ಚೌಕದ, ಒಂದೂವರೆ ಇಂಚು ದಪ್ಪದ ಒಂದು ಕಲ್ಲು ಸುಮಾರು 35 ಕೆ.ಜಿ. ತೂಗುತ್ತದೆ. ಅದನ್ನು ಹೆಗಲ ಮೇಲೆ ಇಟ್ಟುಕೊಂಡು, ಕೈಪಿಡಿ ಇನ್ನೂ ಕೂರಿಸದ ಮೆಟ್ಟಿಲು ಹತ್ತುವ ಹುಡುಗರನ್ನು ನೋಡಿದರೆ ಯಾರಿಗಾದರೂ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಕಲ್ಲು ಕೊಯ್ಯುವ ಕಟರ್ ಬೇರೆ, ಅದರ ಗಾರ್ಡ್ ಯಾವ ಕಾಲದಲ್ಲೋ ಬಿಚ್ಚಿ ಎಸೆದಿರುತ್ತಾರೆ.

ಗುತ್ತೇದಾರರಿಗೆ ವಿಮೆ ವಿಷಯ ಎತ್ತಿದರೆ ಅವರು ನಕ್ಕುಬಿಟ್ಟರು. "ಅದೆಲ್ಲ ಯಾಕ್ರಿ ಸರ್? ಏನಾರ ಆದ್ರ ನಾ ಇದ್ದೀನಲ್ಲ." ಒಳ್ಳೆ ಮನುಷ್ಯ, ಕೆಲಸವೂ ಚೊಕ್ಕ. ಆದರೆ "ನಾ ಇದ್ದೀನಲ್ಲ" ಅನ್ನೋದರ ಬೆಲೆ ಎಷ್ಟು ಅಂತ ಲೆಕ್ಕ ಹಾಕಿದರೆ ಆ ಮಾತು ಅಷ್ಟು ಸಲೀಸಾಗಿ ಬರೋದಿಲ್ಲ.

ಆ ಲೆಕ್ಕವನ್ನೇ ಸ್ವಲ್ಪ ಬಿಡಿಸಿ ಹೇಳ್ತೀನಿ, ಅದಿಲ್ಲದೆ ಪಾಲಿಸಿ ಯಾಕೆ ಬೇಕು ಅಂತ ಗೊತ್ತಾಗೋದಿಲ್ಲ. 1923ರ ಕಾಯಿದೆ ಇದು, ಹೆಸರು ಮೊದಲು ವರ್ಕ್‌ಮೆನ್ಸ್ ಕಾಂಪೆನ್ಸೇಷನ್, ಆಮೇಲೆ ಎಂಪ್ಲಾಯೀಸ್ ಕಾಂಪೆನ್ಸೇಷನ್ ಆಯಿತು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು, ಇದು ಅದರ ಏಳನೇ ಅಧ್ಯಾಯದೊಳಗೆ ಸೇರಿಕೊಂಡಿದೆ. ಲೆಕ್ಕ ಹಾಕುವ ರೀತಿ ಹಳೆಯದೇ. ಕೆಲಸಗಾರ ತೀರಿಕೊಂಡರೆ ತಿಂಗಳ ಪಗಾರದ ಅರ್ಧವನ್ನು ಅವನ ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸಬೇಕು. ಪಗಾರ ಎಷ್ಟೇ ಇರಲಿ, ಲೆಕ್ಕಕ್ಕೆ ಹಿಡಿಯುವ ಮಿತಿಯನ್ನು 2020ರ ಜನವರಿಯಲ್ಲಿ 15,000 ಮಾಡಿದರು. 30 ವರ್ಷದವನಿಗೆ ಆ ಅಂಕಿ 207.98. ಅಂದರೆ 7,500ನ್ನು ಅದರಿಂದ ಗುಣಿಸಿದರೆ 15,59,850 ರೂಪಾಯಿ. ನಮ್ಮ ಎರಡು ಕೋಣೆಯ ಲೇಬರ್ ಖರ್ಚಿಗಿಂತ ಎಷ್ಟೋ ಪಟ್ಟು ಜಾಸ್ತಿ.

ಜೀವ ಹೋಗಬೇಕು ಅಂತಿಲ್ಲ. ಅದೇ 30ರ ಗೌಂಡಿಯ ಹೆಬ್ಬೆರಳು ಕಟರ್‌ಗೆ ಸಿಕ್ಕು ಹೋಯಿತು ಅನ್ನಿ. ಕಾಯಿದೆಯ ಪಟ್ಟಿಯಲ್ಲಿ ಹೆಬ್ಬೆರಳಿಗೆ ಶೇಕಡ 30. ಇಲ್ಲಿ ಪಗಾರದ ಶೇಕಡ 60 ಹಿಡಿಯಬೇಕು, ಅಂದರೆ 9,000. ಗುಣಿಸಿ, ಅದರಲ್ಲಿ ಶೇಕಡ 30 ತೆಗೆದರೆ 5,61,546 ರೂಪಾಯಿ. ಒಂದು ಬೆರಳು. ಮೇಲೆ ಆಸ್ಪತ್ರೆ ಖರ್ಚು ಬೇರೆ, ಅದನ್ನೂ ಕೆಲಸ ಕೊಟ್ಟವರೇ ಭರಿಸಬೇಕು ಅಂತ 2009ರ ತಿದ್ದುಪಡಿ ಹೇಳಿತು. ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇಕಡ 12 ಬಡ್ಡಿ. ಸರಿಯಾದ ಕಾರಣ ಇಲ್ಲದೆ ಎಳೆದಾಡಿದರೆ ಪರಿಹಾರದ ಅರ್ಧದವರೆಗೂ ದಂಡ.

ಇಲ್ಲಿ ತಪ್ಪು ಯಾರದು ಅನ್ನೋ ಪ್ರಶ್ನೆಯೇ ಬಹುತೇಕ ಬರೋದಿಲ್ಲ. "ಅವನೇ ನೋಡ್ದೆ ಕಾಲಿಟ್ಟ" ಅಂದರೆ ನಡೆಯೋದಿಲ್ಲ. ಕುಡಿದು ಬಂದಿದ್ದ, ಬೇಕಂತಲೇ ಸುರಕ್ಷತೆಯ ಸಾಮಾನು ತೆಗೆದಿಟ್ಟ ಅಂತ ತೋರಿಸಿದರೆ ಗಾಯಕ್ಕೆ ಪರಿಹಾರ ತಪ್ಪಬಹುದು. ಸಾವು, ಪೂರ್ತಿ ಅಂಗವಿಕಲತೆ ಆದರೆ ಆ ನೆಪವೂ ಇಲ್ಲ.

ಈಗ ಎಲ್ಲರೂ ಕೇಳುವ ಪ್ರಶ್ನೆ. ಇದು ಗುತ್ತೇದಾರನ ತಲೆನೋವು, ನಮಗೇನು? ಅರ್ಧ ನಿಜ. ಕೂಲಿಯೆಲ್ಲ ಸೇರಿಸಿ ಒಟ್ಟು ಗುತ್ತಿಗೆ ಕೊಟ್ಟು, ಜನರನ್ನು ಅವನೇ ತಂದು, ಅವನೇ ಪಗಾರ ಕೊಟ್ಟು, ಅವನೇ ಕೆಲಸ ಹೇಳುತ್ತಿದ್ದರೆ ಅವನೇ ಮಾಲೀಕ. ಗುತ್ತೇದಾರನ ಆಳುಗಳಿಗೆ ಮೇಲಿನವರೂ ಹೊಣೆ ಅನ್ನುವ ಕಲಮು ಕಾಯಿದೆಯಲ್ಲಿದೆ, ಆದರೆ ಅದು ತಮ್ಮ ವ್ಯಾಪಾರ, ಉದ್ಯೋಗಕ್ಕಾಗಿ ಗುತ್ತಿಗೆ ಕೊಟ್ಟವರಿಗೆ. ಇರೋದಕ್ಕೆ ಮನೆ ಕಟ್ಟಿಸುವವರು ಅದರಲ್ಲಿ ಬರೋದಿಲ್ಲ ಅಂತ ವಾದ ಮಾಡಬಹುದು. ಬಾಡಿಗೆಗೆ ಅಂಗಡಿ ಸಾಲು ಕಟ್ಟಿಸುತ್ತಿದ್ದರೆ ಆ ವಾದ ಮೆತ್ತಗಾಗುತ್ತದೆ.

ಆದರೆ ನಮ್ಮ ಕಡೆ ಯಾರ ಮನೆಯಲ್ಲಿ ಕೆಲಸ ಅಷ್ಟು ಶುದ್ಧವಾಗಿ ನಡೆಯುತ್ತದೆ ಹೇಳಿ? ಶುರುವಿನಲ್ಲಿ ಗುತ್ತಿಗೆ. ನಡುವೆ ಗುತ್ತೇದಾರ ಇನ್ನೊಂದು ಸೈಟಿಗೆ ಹೋಗಿ ಮೂರು ದಿನ ಕಾಣೋದಿಲ್ಲ. ನಾವೇ ಬೆಳಗ್ಗೆ ಗಾಡಿ ತಗೊಂಡು ಕೂಲಿಯವರು ನಿಲ್ಲುವ ಚೌಕಕ್ಕೆ ಹೋಗಿ ಇಬ್ಬರನ್ನು ಕರೆತರ್ತೀವಿ, ಸಂಜೆ ನಾವೇ ಫೋನ್‌ಪೇ ಮಾಡ್ತೀವಿ, "ಮೊದ್ಲು ಆ ಗ್ವಾಡಿ ಮುಗಿಸ್ರಿ" ಅಂತ ನಾವೇ ಹೇಳ್ತೀವಿ. ಅಲ್ಲಿಗೆ ನಾವೇ ಮಾಲೀಕರು. ಹಿಂದೆ, ಮಾಲೀಕನ ವ್ಯಾಪಾರಕ್ಕಲ್ಲದೆ ಆಗೊಮ್ಮೆ ಈಗೊಮ್ಮೆ ಕರೆದ ಕೂಲಿಯವರು ಕಾಯಿದೆಯ ಹೊರಗಿದ್ದರು. 2000ನೇ ಇಸವಿಯ ತಿದ್ದುಪಡಿಯಲ್ಲಿ ಆ ಮಾತನ್ನು ತೆಗೆದುಹಾಕಿದರು. ಕೇಸು ಹಾಕುವ ವಕೀಲರು ಹೇಗೂ ಗುತ್ತೇದಾರ, ಮನೆ ಮಾಲೀಕ ಇಬ್ಬರ ಹೆಸರನ್ನೂ ಹಾಕುತ್ತಾರೆ. ಗುತ್ತೇದಾರನ ಹತ್ತಿರ ಒಂದು ಹಳೇ ಬೈಕು ಮತ್ತು ನಾಲ್ಕು ಸೆಂಟ್ರಿಂಗ್ ಶೀಟು ಇದ್ದರೆ ಕಣ್ಣು ಯಾರ ಮನೆಯ ಮೇಲೆ ಬೀಳುತ್ತದೆ ಅಂತ ಹೇಳಬೇಕಾಗಿಲ್ಲ.

ಸ್ಟಾಂಪ್ ಪೇಪರ್ ಬರೆಸಿಕೊಂಡರೆ ಆಯಿತು ಅನ್ನುವವರು ಇನ್ನೊಂದು ಗುಂಪು. "ಕೆಲಸದಲ್ಲಿ ಏನೇ ಆದರೂ ಮನೆ ಮಾಲೀಕರು ಜವಾಬ್ದಾರರಲ್ಲ" ಅಂತ ಕೆಲಸಗಾರನಿಂದ ಸಹಿ. ನೂರು ರೂಪಾಯಿ ಸ್ಟಾಂಪು, ನೋಟರಿ ಮುದ್ರೆ, ಎಲ್ಲ ಸರಿ. ಆದರೆ ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಯಾವ ಒಪ್ಪಂದವೂ ಊರ್ಜಿತವಲ್ಲ ಅಂತ ಕಾಯಿದೆಯೇ ನೇರವಾಗಿ ಹೇಳಿದೆ. ಗುತ್ತೇದಾರನ ಜೊತೆಗಿನ ಕರಾರು ಬೇರೆ, "ಏನಾದರೂ ಕಟ್ಟಬೇಕಾಗಿ ಬಂದರೆ ನೀನು ತುಂಬಿಕೊಡು" ಅಂತ ಅವನಿಂದ ಬರೆಸಿಕೊಂಡರೆ ಅದಕ್ಕೆ ಬೆಲೆ ಇದೆ. ಕೆಲಸಗಾರನಿಂದ ಬರೆಸಿಕೊಂಡಿದ್ದಕ್ಕೆ ಇಲ್ಲ.

ಹಾಗೇ ಸಾವಾದಾಗ ಊರ ಹಿರಿಯರನ್ನು ಕೂಡಿಸಿ ರಾಜಿ ಮಾಡಿ, ಮನೆಯವರ ಕೈಗೆ ನೇರವಾಗಿ ದುಡ್ಡು ಕೊಟ್ಟು ಮುಗಿಸೋದು. ಇದು ನಮ್ಮ ಭಾಗದಲ್ಲಿ ಮಾಮೂಲು. ಸಾವಿನ ಪರಿಹಾರವನ್ನು ಈ ಕೇಸುಗಳನ್ನು ನೋಡುವ ಸರ್ಕಾರಿ ಆಯುಕ್ತರ ಹತ್ತಿರವೇ ಠೇವಣಿ ಇಡಬೇಕು ಅಂತ ಹಳೇ ಕಾಯಿದೆಯ ನಿಯಮ. ಮೂರು ತಿಂಗಳ ಪಗಾರದಷ್ಟು ಮುಂಗಡ ಬಿಟ್ಟರೆ, ಮನೆಯವರ ಕೈಗೆ ಕೊಟ್ಟಿದ್ದು ಪರಿಹಾರದ ಲೆಕ್ಕಕ್ಕೆ ಬರೋದಿಲ್ಲ. ಅಂದರೆ ಕೊಟ್ಟವರು ಮತ್ತೆ ಕೊಡಬೇಕಾಗಬಹುದು. ವಿಧವೆಯ ಕೈಗೆ ಬಂದ ದುಡ್ಡನ್ನು ಭಾವ ಮೈದುನರು ಹಂಚಿಕೊಳ್ಳಬಾರದು ಅಂತ ಮಾಡಿದ ನಿಯಮ ಇರಬೇಕು, ಒಳ್ಳೆಯದೇ.

ಇನ್ನು ಮನೆಗೆ ವಿಮೆ ಇದೆಯಲ್ಲ ಅನ್ನುವವರು. ಹೋಮ್ ಲೋನ್ ಜೊತೆ ಬ್ಯಾಂಕಿನವರು ಕೊಡಿಸುವ ಪಾಲಿಸಿ ಈಗ ಸಾಮಾನ್ಯವಾಗಿ ಭಾರತ್ ಗೃಹ ರಕ್ಷಾ. 2021ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳೂ ಒಂದೇ ಮಾದರಿಯಲ್ಲಿ ಕೊಡುತ್ತಿವೆ. ಬೆಂಕಿ, ಸಿಡಿಲು, ಭೂಕಂಪ, ಪ್ರವಾಹಕ್ಕೆ ಅದು ಚೆನ್ನಾಗಿದೆ. ಅದರಲ್ಲಿ ಅಪಘಾತದ ಒಂದು ಹೆಚ್ಚುವರಿ ಕವರ್ ಇದೆ, ಅದು ಮನೆ ಮಾಲೀಕ ಮತ್ತು ಗಂಡ ಅಥವಾ ಹೆಂಡತಿಗೆ. ಗೌಂಡಿಗೆ ಅಲ್ಲ. ಹಳೇ ಮಾದರಿಯ ಹೌಸ್‌ಹೋಲ್ಡರ್ಸ್ ಪಾಲಿಸಿಯಲ್ಲಿ ಮನೆಗೆಲಸದವರಿಗೆ ಒಂದು ಭಾಗ ಇರುತ್ತದೆ. ಅದು ಅಡುಗೆಯವರು, ಕಸ ಮುಸುರೆಯವರಿಗೆ. ಕಟ್ಟಡದ ಕೆಲಸಕ್ಕೆ ಬಂದವರನ್ನು ಅದರೊಳಗೆ ತುರುಕೋಕೆ ಆಗೋದಿಲ್ಲ. ನಾನು ಕೌಂಟರ್‌ನಲ್ಲಿ ಮೊದಲು ಕೇಳಿದ್ದೇ ಇದನ್ನು. ಅಲ್ಲಿದ್ದ ಮೇಡಂ ಕನ್ನಡಕದ ಮೇಲಿಂದ ನೋಡಿ "ಬರಂಗಿಲ್ರಿ" ಅಂದರು. ಇಡೀ ಶಾಖೆಯಲ್ಲಿ ನನಗೆ ಸಿಕ್ಕ ಅತ್ಯಂತ ಸ್ಪಷ್ಟ ಉತ್ತರ ಅದೇ.

ಹಾಗಾದರೆ ಡಬ್ಲ್ಯೂಸಿ ಪಾಲಿಸಿ ಹೇಗೆ ಕೊಡುತ್ತಾರೆ. ಎಷ್ಟು ಜನ, ಯಾವ ಕೆಲಸ, ಒಟ್ಟು ಎಷ್ಟು ಪಗಾರ ಅಂತ ಬರೆದುಕೊಡಬೇಕು. ಪಗಾರದ ಮೊತ್ತದ ಮೇಲೆ, ಕೆಲಸದ ಅಪಾಯ ನೋಡಿ ಪ್ರೀಮಿಯಂ. ಎತ್ತರದ ಕೆಲಸಕ್ಕೆ ದರ ಜಾಸ್ತಿ. ಮೇಲೆ ಶೇಕಡ 18 ಜಿಎಸ್‌ಟಿ. ನಮಗೆ ಬಂದಿದ್ದು ಒಬ್ಬ ಗೌಂಡಿಯ ಕೆಲವು ದಿನದ ಕೂಲಿಯಷ್ಟು. ಆ ದುಡ್ಡಿಗೆ ಹದಿನೈದು ಲಕ್ಷದ ಹೊಣೆ ಬೇರೆಯವರ ಹೆಗಲಿಗೆ ಹೋಗುತ್ತದೆ ಅಂದರೆ ಚೌಕಾಸಿ ಮಾಡುವ ವಿಷಯ ಅಲ್ಲ. ಪಗಾರವನ್ನು ಕಡಿಮೆ ತೋರಿಸಿ ಪ್ರೀಮಿಯಂ ಉಳಿಸೋಣ ಅಂತ ಏಜೆಂಟರು ಸಲಹೆ ಕೊಟ್ಟರು. ಬೇಡ ಅಂದೆ. ಕ್ಲೇಮ್ ಬಂದಾಗ ಅದೇ ಕಾಗದ ಹಿಡಿದು ನಮ್ಮನ್ನೇ ಕೇಳುತ್ತಾರೆ.

ಈಗ ಆ ಎರಡು ಸಾಲು. ಸುಮ್ನೆ ಪಾಲಿಸಿ ಕೊಡಿ ಅಂದರೆ ಬರುವ ಕಾಗದದಲ್ಲಿ ಇವೆರಡೂ ಇರೋದಿಲ್ಲ. ಒಂದು, ಗುತ್ತೇದಾರನ ಕೈಕೆಳಗಿನ ಕೆಲಸಗಾರರೂ ಸೇರಿದ್ದಾರೆ ಅನ್ನುವ ಸಾಲು. ಇದಿಲ್ಲದಿದ್ದರೆ ನಾವು ನೇರವಾಗಿ ಕೂಲಿ ಕೊಟ್ಟವರಿಗೆ ಮಾತ್ರ ಪಾಲಿಸಿ, ಉಳಿದವರಿಗೆ ಪೆಟ್ಟಾದರೆ "ಅವರು ನಿಮ್ಮ ಕೆಲಸಗಾರರಲ್ಲ" ಅಂತ ಕಂಪನಿ ಕೈ ತೊಳೆದುಕೊಳ್ಳುತ್ತದೆ. ಎರಡು, ಆಸ್ಪತ್ರೆ ಖರ್ಚಿನ ಸಾಲು. ಕಾಯಿದೆ ಪ್ರಕಾರ ಚಿಕಿತ್ಸೆಯ ಖರ್ಚು ನಮ್ಮದು, ಆದರೆ ಪಾಲಿಸಿಯಲ್ಲಿ ಅದಕ್ಕೆ ಬೇರೆ ದುಡ್ಡು ಕೊಟ್ಟು ತಲಾ ಇಷ್ಟು ಅಂತ ಮಿತಿ ಹಾಕಿಸಬೇಕು. ಏಜೆಂಟರು ಎರಡನ್ನೂ ತಾವಾಗಿ ಹೇಳಲಿಲ್ಲ. ಕೇಳಿದ ಮೇಲೆ "ಹೌದ್ರಿ, ಅದೂ ಹಾಕಸಬಹುದು" ಅಂದರು, ಊಟಕ್ಕೆ ಉಪ್ಪಿನಕಾಯಿ ಬೇಕಾ ಅಂತ ಕೇಳಿದ ಹಾಗೆ.

ಕಾಲ ಕೂಡ ನೋಡಿಕೊಳ್ಳಿ. ಕೆಲಸ ಎಳೆಯುತ್ತದೆ, ಎಳೆಯದ ಮನೆ ಕೆಲಸ ಈ ಜಿಲ್ಲೆಯಲ್ಲಿ ನಾನಂತೂ ನೋಡಿಲ್ಲ. ಪಾಲಿಸಿ ಮುಗಿದ ಮರುದಿನ ಪೆಟ್ಟಾದರೆ ಏನೂ ಸಿಗೋದಿಲ್ಲ. ಸ್ವಲ್ಪ ಉದ್ದವಾಗಿಯೇ ತಗೊಳ್ಳಿ.

ಇನ್ನು ಕ್ಲೇಮ್. ನಮಗೆ ಅದೂ ಬಂತು.

ಮೇಲಿನ ಸ್ಲ್ಯಾಬಿಗೆ ಕ್ಯೂರಿಂಗ್ ನಡೆಯುತ್ತಿತ್ತು. ಗೋಣಿಚೀಲ ಹಾಸಿ ನೀರು ಬಿಟ್ಟಿದ್ದರು, ಆ ನೀರು ಮೆಟ್ಟಿಲ ಮೇಲೆ ಸಣ್ಣಗೆ ಇಳಿಯುತ್ತಿತ್ತು, ಸಿಮೆಂಟಿನ ರಾಡಿ ಸೇರಿ ಮೆಟ್ಟಿಲು ನುಣ್ಣಗಾಗಿತ್ತು. ಜೇವರ್ಗಿ ಕಡೆಯ ಹೆಲ್ಪರ್ ಹುಡುಗ ಹೆಗಲ ಮೇಲೆ ಫರಸಿ ಇಟ್ಟುಕೊಂಡು ಹತ್ತುತ್ತಿದ್ದ. ಕಾಲಲ್ಲಿ ಹವಾಯಿ ಚಪ್ಪಲಿ. ತಿರುವಿನಲ್ಲಿ ಚಪ್ಪಲಿ ಜಾರಿತು. ಪುಣ್ಯಕ್ಕೆ ಅವನು ಗೋಡೆ ಕಡೆಗೆ ಬಿದ್ದ, ಕಲ್ಲು ಅವನ ಎಡಗಾಲ ಪಾದದ ಮೇಲೆ ಬಿತ್ತು. ಕಲ್ಲಿನ ಒಂದು ಮೂಲೆ ಅಷ್ಟೇ ಚೆಕ್ಕೆ ಎದ್ದಿತ್ತು, ಪಾದದ ಎರಡು ಎಲುಬು ಮುರಿದಿದ್ದವು. ಹುಡುಗ ಮೊದಲು ಕೇಳಿದ್ದು "ಕಲ್ಲು ಒಡೀತೇನ್ರಿ" ಅಂತ. ಕೂಲಿಯಲ್ಲಿ ಹಿಡೀತಾರೆ ಅನ್ನೋ ಭಯ ಅವನಿಗೆ.

ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದೆವು. ಇಲ್ಲಿ ಒಂದು ಮಾತು. ಹೇಗೆ ಆಯಿತು ಅಂತ ಡಾಕ್ಟರ್ ಕೇಳಿದಾಗ ಗುತ್ತೇದಾರರು "ಬೈಕಿಂದ ಬಿದ್ದ ಅಂತ ಹೇಳ್ರಿ, ಪೊಲೀಸ್ ರಗಳೆ ಇರಲ್ಲ" ಅಂತ ಕಿವಿಯಲ್ಲಿ ಹೇಳಿದರು. ಒಪ್ಪಲಿಲ್ಲ. ಕೆಲಸದ ಜಾಗದಲ್ಲಿ ಕಲ್ಲು ಬಿದ್ದು ಅಂತಲೇ ಬರೆಸಿದೆವು, ಎಂಎಲ್‌ಸಿ, ಅಂದರೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುವ ಕೇಸು, ಆಯಿತು. ಪೊಲೀಸರು ಬಂದು ಹೇಳಿಕೆ ಬರೆದುಕೊಂಡು ಹೋದರು, ಅಷ್ಟೇ. ಆಸ್ಪತ್ರೆಯ ಮೊದಲ ಚೀಟಿಯಲ್ಲಿ ಬೈಕ್ ಅಂತ ಬಿದ್ದಿದ್ದರೆ ಈ ಕ್ಲೇಮ್ ಅಲ್ಲೇ ಸತ್ತುಹೋಗುತ್ತಿತ್ತು. ಹುಡುಗನಿಗೂ ಏನೂ ಸಿಗುತ್ತಿರಲಿಲ್ಲ.

ಅದೇ ದಿನ ಶಾಖೆಗೆ ಇಮೇಲ್ ಹಾಕಿದೆ, ಮರುದಿನ ಕಾಗದ ಕೊಟ್ಟು ಸೀಲ್ ಹಾಕಿಸಿಕೊಂಡೆ. ಇದರಲ್ಲಿ ಆಲಸ್ಯ ಬೇಡ, ಪಾಲಿಸಿಯಲ್ಲೇ ತಕ್ಷಣ ತಿಳಿಸಬೇಕು ಅಂತ ಇರುತ್ತದೆ. ಆಮೇಲೆ ಶುರುವಾಯಿತು ನೋಡಿ. ಕ್ಲೇಮ್ ಫಾರ್ಮ್ ಪೂರ್ತಿ ಫ್ಯಾಕ್ಟರಿಗೆ ಅಂತ ಮಾಡಿದ್ದು. ಕಾರ್ಖಾನೆಯ ಲೈಸೆನ್ಸ್ ನಂಬರ್ ಏನು, ಯಾವ ಶಿಫ್ಟು, ಯಂತ್ರಕ್ಕೆ ತಡೆಬೇಲಿ ಇತ್ತೇ. ನಮ್ಮ ಮೆಟ್ಟಿಲಿಗೆ ಯಾವ ಶಿಫ್ಟು ಸ್ವಾಮಿ? ಅನ್ವಯಿಸುವುದಿಲ್ಲ, ಅನ್ವಯಿಸುವುದಿಲ್ಲ ಅಂತ ಬರೆದು ಬರೆದು ಕೊಟ್ಟರೆ, ಖಾಲಿ ಇರುವ ಕಲಂ ತುಂಬಿ ತನ್ನಿ ಅಂತ ವಾಪಸ್. ಪಿಎಫ್ ನಂಬರ್ ಕೇಳಿದರು. ದಿನಗೂಲಿ ಹುಡುಗನ ಪಿಎಫ್!

ಕೈಹಿಡಿದಿದ್ದು ಎರಡು ವಸ್ತು. ಒಂದು, ಮನೆಯಲ್ಲಿ ಹಾಲಿನ ಲೆಕ್ಕದ ಹಾಗೆ ಇಟ್ಟಿದ್ದ ಹಾಜರಿ ನೋಟ್‌ಬುಕ್ಕು. ಯಾವ ದಿನ ಯಾರು ಬಂದರು, ಎಷ್ಟು ಕೊಟ್ಟೆವು, ಅವರ ಸಹಿ ಇಲ್ಲವೇ ಹೆಬ್ಬೆಟ್ಟು. ಇನ್ನೊಂದು, ಫೋನ್‌ಪೇ ಸ್ಟೇಟ್‌ಮೆಂಟು. ಪಗಾರಕ್ಕೆ ಪುರಾವೆ ಏನು ಅಂತ ತನಿಖೆಗೆ ಬಂದವರು ಕೇಳಿದಾಗ ಇವೆರಡನ್ನು ಇಟ್ಟೆವು, ಮಾತು ಅಲ್ಲಿಗೆ ನಿಂತಿತು. ಕೈಯಲ್ಲೇ ನಗದು ಕೊಟ್ಟು, ಬರೆದಿಡದೆ ಇದ್ದರೆ ಏನು ತೋರಿಸೋದು? ತನಿಖೆಗೆ ಬಂದವರು ಮಾತ್ರ ಒಳ್ಳೆಯವರು, ಮೆಟ್ಟಿಲು ಅಳೆದರು, ಫೋಟೋ ತೆಗೆದರು, ಹುಡುಗನ ಊರಿಗೇ ಹೋಗಿ ಮಾತಾಡಿಸಿ ಬಂದರು.

ಆಮೇಲೆ ಫೈಲು ಮಲಗಿತು. ಫೈಲು ನೋಡುತ್ತಿದ್ದ ಅಧಿಕಾರಿಗೆ ವರ್ಗಾವಣೆ. ಹೊಸಬರು ಬರಬೇಕು. "ಸಂಜಿಮುಂದ ಬರ್ರಿ," "ಸೋಮವಾರ ನೋಡೂಣ್ರಿ." ಏಜೆಂಟರ ಫೋನ್ ಸ್ವಿಚ್ ಆಫ್. ಮಳೆಗಾಲ ಹೋಗಿ ದಸರಾ ಹತ್ತಿರ ಬಂದರೂ ಏನೂ ಇಲ್ಲ. ಕೊನೆಗೆ ವಿಮಾ ಕಂಪನಿಗಳ ಮೇಲೆ ನಿಗಾ ಇಡುವ ಐಆರ್‌ಡಿಎಐನ ಬಿಮಾ ಭರೋಸಾ ತಾಣದಲ್ಲಿ ದೂರು ಹಾಕಿದೆ. 155255 ಅಂತ ಅವರ ಫೋನ್ ನಂಬರೂ ಇದೆ. ದೂರು ಹೋದ ಮೇಲೆ ಶಾಖೆಯವರೇ ಫೋನ್ ಮಾಡಿ "ಯಾಕ್ರಿ ಸರ್, ಮ್ಯಾಲೆ ಬರೆಯೋದೇನಿತ್ತು, ನಮಗ ಹೇಳಿದ್ರ ಆಗ್ತಿತ್ತಲ್ಲ" ಅಂದರು. ಏನು ಹೇಳೋದು ಇಂಥವರಿಗೆ.

ದುಡ್ಡು ಬಂತು, ಹುಡುಗನ ಖಾತೆಗೇ ಬಂತು. ಇಲ್ಲಿ ಪಾಲಿಸಿಯ ಮಿತಿಯನ್ನೂ ಹೇಳಬೇಕು. ತಾತ್ಕಾಲಿಕವಾಗಿ ಕೆಲಸಕ್ಕೆ ಹೋಗಲಾಗದ ಕಾಲಕ್ಕೆ ಕಾಯಿದೆ ಕೊಡಿಸೋದು ಹದಿನೈದು ದಿನಕ್ಕೊಮ್ಮೆ ತಿಂಗಳ ಪಗಾರದ ಶೇಕಡ 25. ಮಿತಿ 15,000 ಆದ್ದರಿಂದ ಒಂದು ಸಲಕ್ಕೆ 3,750. ತಿಂಗಳಿಗೆ 7,500. ದಿನಾ ದುಡಿದು ಅದರ ಎರಡರಷ್ಟಕ್ಕಿಂತ ಜಾಸ್ತಿ ತರುತ್ತಿದ್ದ ಹುಡುಗನಿಗೆ ಅದು ಸಾಲೋದಿಲ್ಲ. ಆಸ್ಪತ್ರೆ ಬಿಲ್ಲು ಕೂಡ ಪಾಲಿಸಿಯ ಮಿತಿ ದಾಟಿತ್ತು. ಮೇಲಿನದನ್ನು ನಾವೂ ಗುತ್ತೇದಾರರೂ ಸೇರಿ ಕೊಟ್ಟೆವು. ಅವರ "ನಾ ಇದ್ದೀನಲ್ಲ" ಪೂರ್ತಿ ಸುಳ್ಳಲ್ಲ, ಅವರು ನಿಜವಾಗಿಯೂ ಅರ್ಧ ಕೊಟ್ಟರು. ಮುರಿದ ಪಾದಕ್ಕೆ ಅಷ್ಟು ಸಾಕಾಯಿತು. ಜೀವ ಹೋಗಿದ್ದರೆ ಅವರು ಮನೆ ಮಾರಿದರೂ ಸಾಲುತ್ತಿರಲಿಲ್ಲ.

ಪಾಲಿಸಿ ಹೊರದ ವಿಷಯಗಳೂ ಇವೆ. ದಂಡ ಅದರಲ್ಲಿ ಬರೋದಿಲ್ಲ, ನಮ್ಮ ಕೈಯಿಂದಲೇ. ಪೊಲೀಸ್ ಕೇಸೂ ಅಷ್ಟೇ. ನಿರ್ಲಕ್ಷ್ಯದಿಂದ ಸಾವಾಯಿತು ಅಂತ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಹಾಕಿದರೆ ಐದು ವರ್ಷದವರೆಗೆ ಶಿಕ್ಷೆ ಆಗಬಹುದು. ಅದಕ್ಕೆ ವಿಮೆ ಇಲ್ಲ. ಮಾಳಿಗೆ ಪಕ್ಕದಲ್ಲೇ ವಿದ್ಯುತ್ ತಂತಿ ಹೋಗಿದ್ದರೆ, ಕಬ್ಬಿಣದ ರಾಡು ಎತ್ತುವ ಮುಂಚೆ ಜೆಸ್ಕಾಂಗೆ ಅರ್ಜಿ ಕೊಟ್ಟು ಲೈನ್ ಬಂದ್ ಮಾಡಿಸಿ. ಎಲ್ಲರಿಗೂ ಕಣ್ಣಿಗೆ ಕಾಣುವ ತಂತಿ ಅದು, "ಗೊತ್ತಿರಲಿಲ್ಲ" ಅನ್ನೋಕೆ ಆಗೋದಿಲ್ಲ.

ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯರನ್ನು ಇಳಿಸುವ ವಿಷಯವನ್ನಂತೂ ಪಾಲಿಸಿ ಜೊತೆ ಸೇರಿಸಿ ಯೋಚಿಸಲೇಬೇಡಿ. ರಕ್ಷಣಾ ಸಾಮಾನಿಲ್ಲದೆ ಇಳಿಸೋದು 2013ರ ಕಾಯಿದೆ ಪ್ರಕಾರ ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿದೆ. ಸಕ್ಕಿಂಗ್ ಮಷೀನ್ ಗಾಡಿ ಕರೆಸಿ, ಗಾಡಿಯವನು "ಸ್ವಲ್ಪ ಕೆಸರು ಉಳಿದದ, ಒಬ್ಬ ಇಳೀತಾನ" ಅಂದರೂ ಬೇಡ ಅನ್ನಿ.

ಒಂದು ದಿನಕ್ಕೆ ಬರುವ ಪ್ಲಂಬರ್, ಫ್ಯಾನ್ ಕೂರಿಸುವ ಎಲೆಕ್ಟ್ರಿಷಿಯನ್‌ಗೆ ಈ ಪಾಲಿಸಿ ತಗೊಳ್ಳಿ ಅಂತ ನಾನು ಹೇಳೋದಿಲ್ಲ. ಸ್ವಂತ ಅಂಗಡಿ, ಸ್ವಂತ ಸಾಮಾನು, ನಾಲ್ಕು ಮನೆ ಸುತ್ತುವವರು ನಮ್ಮ ನೌಕರರೂ ಅಲ್ಲ. ಹಾಗಂತ ಮುರುಕು ಏಣಿ ಕೊಟ್ಟು, ಕರೆಂಟ್ ಆಫ್ ಮಾಡದೆ ಕೆಲಸಕ್ಕೆ ಹಚ್ಚಿದರೆ ನಮ್ಮ ನಿರ್ಲಕ್ಷ್ಯಕ್ಕೆ ನಾವೇ ಹೊಣೆ. ಅವರಿಗೆ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಇದೆಯಾ ಅಂತ ಕೇಳಿ. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ 2 ಲಕ್ಷ, 18ರಿಂದ 70 ವರ್ಷದವರಿಗೆ. ಎಲುಬು ಮುರಿತಕ್ಕೆ ಅದರಲ್ಲಿ ಏನೂ ಇಲ್ಲ. ಜೂನ್ 1ಕ್ಕೆ ಹೊಸ ವರ್ಷ ಶುರು, ಅದಕ್ಕೆ ಮೇ ಕೊನೆಯಲ್ಲಿ ಖಾತೆಯಲ್ಲಿ 20 ರೂಪಾಯಿ ಇಲ್ಲದೆ ಎಷ್ಟೋ ಜನರದ್ದು ನಿಂತುಹೋಗಿರುತ್ತದೆ. ನಮ್ಮ ಮನೆ ಕಟ್ಟಲು ಬಂದ ಗುಂಪಿನವರದ್ದು ಕೇಳಿದರೆ ಅರ್ಧಕ್ಕರ್ಧ ಹಾಗೇ. ಕಟ್ಟಡ ಕಾರ್ಮಿಕರ ಮಂಡಳಿಯ ಲೇಬರ್ ಕಾರ್ಡೂ ಕೇಳಿ ನೋಡಿ, ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದವರಿಗೆ ಸಿಗುತ್ತದೆ, ಅಪಘಾತಕ್ಕೆ ಅಲ್ಲೂ ಸಹಾಯಧನ ಇದೆ. ಇವೆಲ್ಲ ಅವರಿಗೆ ಒಳ್ಳೆಯದು. ನಮ್ಮ ಹೊಣೆ ಇದರಿಂದ ಕಡಿಮೆ ಆಗೋದಿಲ್ಲ, ಅದು ಬೇರೆ ಲೆಕ್ಕ.

ಯಾರು ತಗೊಳ್ಳಬೇಕು ಅಂದರೆ, ಸ್ಲ್ಯಾಬ್ ಹಾಕಿಸುವವರು, ಹಳೇ ಮಾಳಿಗೆ ಕೆಡವುವವರು, ಹೊರಗೋಡೆಗೆ ಸಾರವೆ ಕಟ್ಟಿ ಬಣ್ಣ ಹೊಡೆಸುವವರು, ಬಾವಿ ತೋಡಿಸುವವರು. ಗುತ್ತೇದಾರರ ಹತ್ತಿರ ಅವರದೇ ಪಾಲಿಸಿ ಇದೆ ಅಂದರೆ ಪ್ರತಿ ತೆಗೆದು ತಾರೀಕು, ಜನರ ಸಂಖ್ಯೆ, ಕೆಲಸದ ಜಾಗ ನೋಡಿ. ಒಬ್ಬರು ನನಗೆ ತೋರಿಸಿದ್ದರಲ್ಲಿ ಇದ್ದಿದ್ದು ವಾಡಿಯ ಯಾವುದೋ ಗೋದಾಮಿನ ವಿಳಾಸ.

ನಮ್ಮ ಹೊರಗೋಡೆಯ ಬಣ್ಣ ಇನ್ನೂ ಬಾಕಿ ಇದೆ, ಶರಣಬಸವೇಶ್ವರ ಜಾತ್ರೆಯೊಳಗೆ ಮುಗಿಸಬೇಕು ಅಂತ ಮನೆಯಲ್ಲಿ ಗಡುವು. ಪೇಂಟರ್ ಗುಂಪಿಗೆ ಇದೇ ಪಾಲಿಸಿ ತಗೊಳ್ತೀನಿ, ಎರಡೂ ಸಾಲು ಸೇರಿಸಿ, ಆಸ್ಪತ್ರೆ ಖರ್ಚಿನ ಮಿತಿಯನ್ನು ಕಳೆದ ಸಲದ ಎರಡರಷ್ಟು ಮಾಡಿಸಿ. ಶಾಖೆ ಮಾತ್ರ ಬೇರೆ. ಏಜೆಂಟರೂ ಬೇರೆ.